ಕಾಣದ ಬೆಂಕಿಗೆ ಕಟ್ಟಿದ ಪೊರಕೆ

ಆ ಕಾರುಗಳ ವಿಷಯ ನಾನು ಮೊದಲು ಕೇಳಿದ್ದು ಒಂದು ಸೋಮವಾರ ಬೆಳಿಗ್ಗೆ. ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಪೊರಕೆ ಕಟ್ಟುತ್ತಿದ್ದೆ. ನನ್ನ ಮೈದುನ, ಅಂದರೆ ನನ್ನ ಗಂಡನ ತಮ್ಮ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಹೇಳಿದ:

“ಅತ್ತಿಗೆ, ಡಿಪೋಗೆ ಹೊಸ ಕಾರು ಬರ್ತವೆ. ಎರಡು ಜಾತಿ. ಎರಡಕ್ಕೂ ಹೊಗೆ ಇಲ್ಲ.”

ಟ್ಯಾಕ್ಸಿ ಡಿಪೋದಲ್ಲಿ ನಾನು ಕಸ ಗುಡಿಸುವವಳು, ಅವನು ಪೈಪಿನ ಮೇಸ್ತ್ರಿ. ನನಗೆ ಆ ಕೆಲಸ ಕೊಡಿಸಿದವನೂ ಅವನೇ.

“ಹೊಗೆ ಬಿಡದಿದ್ರೆ ಮತ್ತೇನು ಬಿಡ್ತವೆ?” ಎಂದೆ.

“ಒಂದು ಜಾತಿ ಏನೂ ಬಿಡಲ್ಲ. ಬ್ಯಾಟರಿದು. ಫೋನ್ ಥರ ಚುಚ್ಚಿಟ್ರೆ ಆಯ್ತು. ಇನ್ನೊಂದು ಜಾತಿ ನೀರು ಬಿಡುತ್ತೆ. ಹಿಂದಿನ ಕೊಳವೆಯಿಂದ ತೊಟ್ಟು ತೊಟ್ಟು.”

“ಸರಿ ಹೋಯ್ತು. ಹತ್ತು ಕಾರು ನಿಂತು ತೊಟ್ಟಿಕ್ಕಿದ್ರೆ ಒರೆಸೋಳು ಯಾರು? ನಿಮ್ಮ ಮ್ಯಾನೇಜರ್ ಬಂದು ಒರೆಸ್ತಾನಾ?”

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. ಎದುರಿಗೆ ಕುಕ್ಕರಗಾಲಲ್ಲಿ ಕೂತು, ನನ್ನ ಕೈಯಲ್ಲಿದ್ದ ಹುಲ್ಲಿನ ಕಟ್ಟನ್ನೇ ನೋಡುತ್ತ ಹೇಳಿದ: “ಅದು ಗ್ಯಾಸಿನ ಕಾರು ಅತ್ತಿಗೆ. ಅದೇ ಗ್ಯಾಸು. ಹೈಡ್ರೋಜನ್.”

ನನ್ನ ಕೈ ನಿಂತಿತು.

ಯಾಕೆ ನಿಂತಿತು ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಆಮೇಲೆ ಹೇಳಲು ನನ್ನಿಂದಾಗುವುದಿಲ್ಲ. ಅಣ್ಣ ತಮ್ಮ ಇಬ್ಬರೂ ಮೊದಲು ಒಂದು ಗೊಬ್ಬರದ ಕಾರ್ಖಾನೆಯಲ್ಲಿದ್ದರು. ಅಲ್ಲಿ ಈ ಹೈಡ್ರೋಜನ್ ಎಂಬುದು ಕೊಳವೆಗಳಲ್ಲಿ ಹರಿಯುತ್ತಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಲ್ಲಾದರೂ ಸೋರಿ ಹೊತ್ತಿಕೊಂಡರೆ ಹಗಲು ಬೆಳಕಲ್ಲಿ ಉರಿಯೂ ಕಾಣುವುದಿಲ್ಲ. ಬೆಂಕಿ ಎದುರಿಗೇ ನಿಂತಿರುತ್ತದೆ, ನಿಮಗೆ ಕಾಣುವುದು ಅದರ ಹಿಂದಿನ ಗೋಡೆ. ಅದಕ್ಕೇ ಆ ವಿಭಾಗದವರು ಉದ್ದ ಹಿಡಿಯ ಹುಲ್ಲಿನ ಪೊರಕೆಯನ್ನು ಮುಂದೆ ಚಾಚಿ ಹಿಡಿದು ನಡೆಯುತ್ತಿದ್ದರು. ಪೊರಕೆಯ ತುದಿ ಸುಮ್ಮಸುಮ್ಮನೆ ಹತ್ತಿಕೊಂಡರೆ ಅಲ್ಲಿ ಬೆಂಕಿ ಇದೆ ಎಂದು ಅರ್ಥ. ಒಂದು ಪಾಳಿಗೆ ಒಂದೇ ಪೊರಕೆ ಕೊಡುತ್ತಿದ್ದರು. ಹಿಂದಿನ ಪಾಳಿಯವರದು ಸುಟ್ಟುಹೋಗಿತ್ತು. ಹೊಸದು ಕೊಡಬೇಕಾದ ಸ್ಟೋರಿನವನು ಬೀಗ ಹಾಕಿಕೊಂಡು ಹೋಗಿದ್ದ. ನನ್ನ ಗಂಡ ಬರಿಗೈಯಲ್ಲಿ ಹೋದರು. ಹನ್ನೊಂದು ಗಂಟೆಯ ಬಿಸಿಲು. ಅಷ್ಟೇ.

ಅಂದಿನಿಂದ ನಾನು ಪೊರಕೆ ಕಟ್ಟುವುದನ್ನು ಬಿಟ್ಟಿಲ್ಲ. ಮನೆಯ ಮೂಲೆಯಲ್ಲಿ ಯಾವತ್ತೂ ನಾಲ್ಕೈದು ಇದ್ದೇ ಇರುತ್ತವೆ. ಬಂದವರು ಅಂಗಡಿ ಇಟ್ಟಿದ್ದೀರಾ ಎಂದು ಕೇಳುತ್ತಾರೆ.

“ನೀನು ಆ ಕಡೆ ತಲೆ ಹಾಕಬೇಡ. ಬ್ಯಾಟರಿ ಕಡೆ ಹಾಕು ಅಂತ ಕೇಳು,” ಎಂದೆ.

“ಗ್ಯಾಸ್ ಗೊತ್ತಿರೋನು ಡಿಪೋದಲ್ಲಿ ನಾನೊಬ್ಬನೇ. ನಾನು ಬೇಡ ಅಂದ್ರೆ ಗೊತ್ತಿಲ್ಲದವನು ನಿಲ್ತಾನೆ.”

ಅವನ ಬುದ್ಧಿಯೇ ಹಾಗೆ. ಕುಳ್ಳ, ಎಡಗೈಯವ, ಮದುವೆಯಾಗದವ, ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮಂಚ ಮತ್ತು ಒಂದು ರೇಡಿಯೋ ಇಟ್ಟುಕೊಂಡವ. ಕೊಳವೆ ಕಂಡರೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಇಡುತ್ತಿದ್ದ. ನಮ್ಮ ಮನೆಯ ನಲ್ಲಿಯನ್ನೂ ತಟ್ಟುತ್ತಿದ್ದ. “ಹುಷಾರಾಗಿದ್ದಾಳೆ,” ಎನ್ನುತ್ತಿದ್ದ, ವೈದ್ಯನ ಹಾಗೆ. ಯಾರ ಮೇಲೂ ದನಿ ಎತ್ತಿದವನಲ್ಲ. ಸಿಟ್ಟೆಲ್ಲ ದೇವರು ನನಗೇ ಕೊಟ್ಟುಬಿಟ್ಟ, ಅವನ ಪಾಲಿಗೆ ಚೂರೂ ಉಳಿಸಲಿಲ್ಲ.

ಹತ್ತು ಬ್ಯಾಟರಿ ಕಾರು, ಹತ್ತು ಗ್ಯಾಸಿನ ಕಾರು ಬಂದವು. ಅಂಗಳದ ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು. ವರ್ಷ ಓಡಿಸಿ ನೋಡಿ, ಯಾವುದು ಉತ್ತಮವೋ ಅದನ್ನೇ ಇಟ್ಟುಕೊಳ್ಳುವುದೆಂದು ಡಿಪೋದ ಮಾಲೀಕರ ತೀರ್ಮಾನ. ನಮ್ಮ ಮ್ಯಾನೇಜರ್ ಮಾತ್ರ ವರ್ಷ ಕಾಯದೆ ತೀರ್ಮಾನಿಸಿಬಿಟ್ಟಿದ್ದ. ಗ್ಯಾಸಿನ ಕಾರೇ ಗೆಲ್ಲುತ್ತದೆ ಎಂದು ಮಾಲೀಕರ ಮುಂದೆ ಎದೆ ತಟ್ಟಿಕೊಂಡು ಬಂದಿದ್ದ. ಅವನ ಮುಖದಲ್ಲಿ ಯಾವಾಗಲೂ ಹಲ್ಲು ಕಾಣುತ್ತಿದ್ದುದರಿಂದ ಡ್ರೈವರುಗಳು ಅವನನ್ನು ಹಲ್ಲು ಎಂದೇ ಕರೆಯುತ್ತಿದ್ದರು. “ಹಲ್ಲು ಬಂತು, ಏಳ್ರಪ್ಪಾ,” ಎಂದರೆ ಎಲ್ಲರೂ ಕಾರಿನ ಗಾಜು ಒರೆಸತೊಡಗುತ್ತಿದ್ದರು.

ಮೈದುನ ಗ್ಯಾಸ್ ತುಂಬುವ ಪಂಪಿಗೆ ನಿಂತ. ಬೆಳಿಗ್ಗೆ ಬಂದವನೇ ನಾನು ಕಟ್ಟಿದ ಪೊರಕೆ ಚಾಚಿ ಹಿಡಿದು ಪಂಪನ್ನು ಮೂರು ಸುತ್ತು ಬರುತ್ತಿದ್ದ. ಪಂಪಿನ ಮೇಲಿನ ಮಾಡಿಗೆ ಬೆಂಕಿ ಪತ್ತೆ ಮಾಡುವ ಯಂತ್ರದ ಕಣ್ಣು ಇತ್ತು, ಗ್ಯಾಸ್ ಪತ್ತೆ ಮಾಡುವ ಮೂಗೂ ಇತ್ತು. ಆದರೂ ಸುತ್ತುತ್ತಿದ್ದ. ಹೀಗೆ ಅವನಿಗೆ ಪೊರಕೆ ಮೇಸ್ತ್ರಿ ಎಂಬ ಹೆಸರು ಬಿತ್ತು. ಗ್ಯಾಸಿನ ಕಾರು ಓಡಿಸುವ ಒಬ್ಬ ಉದ್ದನೆಯ ಡ್ರೈವರ್ ಇದ್ದ, ಕೊಕ್ಕರೆ ಎಂದು ಕರೆಯುತ್ತಿದ್ದರು. ಅವನಿಗಂತೂ ದಿನಾ ಇದೇ ಹಾಸ್ಯ.

“ಏನ್ ಮೇಸ್ತ್ರೀ, ಗಾಳಿ ಗುಡಿಸ್ತಾ ಇದೀರಾ? ಅತ್ತಿಗೆ ನೆಲ, ನೀವು ಗಾಳಿ. ಮನೆತನದ ಕಸುಬು ಹಂಚ್ಕೊಂಡಿದೀರಿ.”

“ಗಾಳೀಲೂ ಕಸ ಇರುತ್ತಪ್ಪ,” ಎನ್ನುತ್ತಿದ್ದ ಮೈದುನ. ಅಷ್ಟೇ ಅವನ ಸಿಟ್ಟು.

ಯಾವ ಕಾರು ಉತ್ತಮ ಎಂದು ಡಿಪೋದಲ್ಲಿ ಬಾಯಿಗೊಂದು ಮಾತು. ನನಗೂ ತಿಳಿಯಬೇಕಿತ್ತು. ಒಂದು ಭಾನುವಾರ ಮೈದುನ ಅಡುಗೆಮನೆಯಲ್ಲೇ ತೋರಿಸಿದ. ಹತ್ತು ಲೋಟ ನೀರು ಹಿಡಿಯುವ ತಂಬಿಗೆ ತೆಗೆದುಕೊಂಡ.

“ಇದು ಕರೆಂಟು ಅಂತಿಟ್ಕೊಳ್ಳಿ. ಬ್ಯಾಟರಿ ಕಾರಿಗೆ ತಂಬಿಗೆಯಿಂದ ನೇರ ಪಾತ್ರೆಗೆ.” ಬಗ್ಗಿಸಿದ, ಸ್ವಲ್ಪ ಚೆಲ್ಲಿತು. “ಹತ್ತರಲ್ಲಿ ಎಂಟು ಲೋಟ ಚಕ್ರಕ್ಕೆ ಸಿಕ್ತು ಅನ್ನಿ. ಈಗ ಗ್ಯಾಸಿಂದು. ಕರೆಂಟಿಂದ ನೀರು ಒಡೆದು ಗ್ಯಾಸ್ ಮಾಡ್ಬೇಕು.” ಒಂದು ಪಾತ್ರೆಯಿಂದ ಇನ್ನೊಂದಕ್ಕೆ. “ಅದನ್ನ ಗಟ್ಟಿಯಾಗಿ ಒತ್ಬೇಕು.” ಮತ್ತೊಂದಕ್ಕೆ. “ತಣ್ಣಗೆ ಮಾಡಿ ಕಾರಿಗೆ ತುಂಬ್ಬೇಕು.” ಇನ್ನೊಂದಕ್ಕೆ. “ಕಾರೊಳಗೆ ಮತ್ತೆ ಅದನ್ನ ಕರೆಂಟ್ ಮಾಡ್ಬೇಕು. ನೋಡಿ, ಉಳಿದಿದ್ದು ಮೂರು ಲೋಟ.”

“ಮಿಕ್ಕ ಏಳು ಲೋಟ ನನ್ನ ನೆಲದ ಮೇಲಿದೆ,” ಎಂದೆ. “ಒರೆಸು.”

ಒರೆಸುತ್ತಲೇ ಮುಂದುವರಿಸಿದ. “ಆದ್ರೆ ಗ್ಯಾಸು ಕೆಟ್ಟದ್ದೂ ಅಲ್ಲ ಅತ್ತಿಗೆ. ಐದು ನಿಮಿಷಕ್ಕೆ ತುಂಬುತ್ತೆ, ದೂರ ಓಡುತ್ತೆ. ಬ್ಯಾಟರಿ ಅಂದ್ರೆ ಭಾರ. ಬೆಟ್ಟದಷ್ಟು ಸಾಮಾನು ಹೊತ್ಕೊಂಡು ಹಗಲೂ ರಾತ್ರಿ ಓಡೋ ಲಾರಿಗೆ ಅಷ್ಟು ಬ್ಯಾಟರಿ ಹೇರಿದ್ರೆ ಸಾಮಾನಿಗೆ ಜಾಗ ಎಲ್ಲಿ? ಅಂಥದಕ್ಕೆ ಗ್ಯಾಸು ಸರಿ ಹೋಗಬಹುದು. ಊರೊಳಗೆ ನಾಲ್ಕು ಜನನ್ನ ಕೂರಿಸ್ಕೊಂಡು ಸುತ್ತೋ ಟ್ಯಾಕ್ಸಿಗೆ ಯಾಕೆ?”

ಇಷ್ಟೇ ಅವನ ತಿಳಿವಳಿಕೆ. ನನ್ನಂಥವಳಿಗೂ ಅರ್ಥವಾಯಿತು. ಯಾರು ಕೇಳಿದರೂ ಇದನ್ನೇ ಹೇಳುತ್ತಿದ್ದ. ಹಲ್ಲು ಕೇಳಿದಾಗಲೂ ಹೇಳಿದ. ಅದೇ ಅವನು ಮಾಡಿದ ತಪ್ಪು.

ಆ ಐದು ನಿಮಿಷದ ಕಥೆಯನ್ನೂ ಹೇಳುತ್ತೇನೆ. ಮೊದಲ ಕಾರಿಗೆ ಐದು ನಿಮಿಷ ನಿಜ. ಎರಡನೆಯದಕ್ಕೂ ಸರಿ. ಮೂರು ನಾಲ್ಕು ಆಗುವ ಹೊತ್ತಿಗೆ ಪಂಪಿನ ಒತ್ತಡ ಇಳಿದು, ಮತ್ತೆ ಏರುವ ತನಕ ಸಾಲಾಗಿ ನಿಲ್ಲಬೇಕು. ಗ್ಯಾಸು ಅಷ್ಟು ತಣ್ಣಗೆ ಬರುವುದರಿಂದ ಕೊಳವೆಯ ಮೂತಿ ಕಾರಿಗೆ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತಿತ್ತು. ಸುಡು ಬಿಸಿಲಲ್ಲಿ ಮಂಜು. “ಅತ್ತಿಗೆ, ಒಂದು ಚೊಂಬು ನೀರು,” ಎಂದು ಕೂಗು ಬರುತ್ತಿತ್ತು. ನಾನು ನೀರು ಹೊಯ್ದು ಬಿಡಿಸಬೇಕು. ಆ ಕಡೆ ಬ್ಯಾಟರಿ ಕಾರಿನವರು ಕಾರನ್ನು ಚುಚ್ಚಿಟ್ಟು, ಊಟ ಮಾಡಿ, ಕಾಲು ಚಾಚಿ ಮಲಗಿ ಎದ್ದು ಹೋಗುತ್ತಿದ್ದರು. ಅವರಿಗೂ ತೊಂದರೆ ಇರಲಿಲ್ಲವೆಂದಲ್ಲ. ಆರು ಚಾರ್ಜರಿನಲ್ಲಿ ಎರಡು ಯಾವಾಗಲೂ ಕೆಟ್ಟಿರುತ್ತಿದ್ದವು. ಚಳಿಯಲ್ಲಿ ಓಟ ಕಡಿಮೆಯಾಗುತ್ತಿತ್ತು. ಆದರೆ ಕೆಟ್ಟ ಚಾರ್ಜರನ್ನು ಯಾರೂ ಮುಚ್ಚಿಡಲಿಲ್ಲ. ಗ್ಯಾಸಿನ ಸಾಲನ್ನು ಹಲ್ಲು ಮುಚ್ಚಿಟ್ಟ. ಯಾರಾದರೂ ನೋಡಲು ಬಂದರೆ ಕಾದು ನಿಂತ ಕಾರುಗಳನ್ನೆಲ್ಲ ಹಿಂದಿನ ಗೋಡೆಯಾಚೆ ತಳ್ಳಿಸುತ್ತಿದ್ದ, ಮನೆಗೆ ನೆಂಟರು ಬಂದಾಗ ಕೊಳೆ ಬಟ್ಟೆ ಮಂಚದಡಿ ತಳ್ಳಿದ ಹಾಗೆ.

ವರ್ಷ ತುಂಬಿತು. ಮಾಲೀಕರು ಆರು ಮಂದಿ ಬಂದು ಎರಡೂ ಕಾರನ್ನು ಕಣ್ಣಾರೆ ನೋಡಿ ತೀರ್ಮಾನ ಕೊಡುವ ದಿನ ಗೊತ್ತಾಯಿತು. ಪತ್ರಿಕೆಯ ಫೋಟೋದವನೂ ಬರುವವನಿದ್ದ. ಗಡಿಯಾರ ಇಟ್ಟು ಐದು ನಿಮಿಷದಲ್ಲಿ ಗ್ಯಾಸ್ ತುಂಬಿ ತೋರಿಸುವುದು ಹಲ್ಲಿನ ಯೋಜನೆ. ಹಿಂದಿನ ದಿನ ಅದಕ್ಕೆ ಒಂಬತ್ತು ಸಲ ಅಭ್ಯಾಸ ಮಾಡಿಸಿದ. ಒಂಬತ್ತನೆಯ ಸಲ ಮೈದುನ ಕೊಳವೆಯ ಕೀಲನ್ನು ತಟ್ಟಿ ಕಿವಿ ಇಟ್ಟ. ನಾನು ಪಕ್ಕದಲ್ಲೇ ನೆಲ ತೊಳೆಯುತ್ತಿದ್ದೆ. ಪ್ರತಿ ಮಾತೂ ಕಿವಿಯಲ್ಲಿದೆ.

“ಸಾರ್, ಕೀಲಿನ ರಬ್ಬರ್ ಸೀಲು ಗಡುಸಾಗಿದೆ. ತಣ್ಣಗಾಗಿ ಬಿಸಿಯಾಗಿ ಸತ್ತುಹೋಗಿದೆ. ಬದಲಾಯಿಸೋಣ.”

“ಎಷ್ಟು ಹೊತ್ತು ಬೇಕು?”

“ನಾಳೆ ಮಧ್ಯಾಹ್ನದವರೆಗೆ.”

“ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಮಾಲೀಕರು ಬರ್ತಾರೆ ಮೇಸ್ತ್ರಿ. ನಾಡಿದ್ದು ಬದಲಾಯಿಸು. ಇನ್ನೊಂದು, ಆ ಬೆಂಕಿ ನೋಡೋ ಕಣ್ಣು ಇದೆಯಲ್ಲ, ಕಾರಿನ ಗಾಜಿನ ಮೇಲೆ ಬಿಸಿಲು ಮಿಂಚಿದ್ರೂ ಬಡ್ಕೊಳ್ಳುತ್ತೆ. ಈ ವಾರ ಮೂರು ಸಲ ಬಡ್ಕೊಂಡು ಮಾನ ತೆಗೀತು. ನಾಳೆ ಒಂದು ದಿನ ಆಫ್ ಇರ್ಲಿ.”

ಮೈದುನ ತಲೆ ಕೆರೆದುಕೊಂಡ. “ಹಾಗಾದ್ರೆ ನನ್ನ ಪೊರಕೆ ಇರ್ಲಿ ಸಾರ್.”

“ಫೋಟೋ ತೆಗೆಯೋ ಜಾಗದಲ್ಲಿ ಪೊರಕೆನಾ? ಇದೇನು ದನದ ಕೊಟ್ಟಿಗೆನಾ?” ಹಲ್ಲು ನನ್ನ ಕಡೆ ತಿರುಗಿದ. “ಅಮ್ಮಾ, ನಾಳೆ ಒಂದು ಪೊರಕೆಯೂ ಕಣ್ಣಿಗೆ ಬೀಳ್ಬಾರ್ದು. ಎಲ್ಲ ಬಾಚಿ ಎತ್ತಿಡಿ.”

ಎತ್ತಿಟ್ಟೆ. ಒಂದನ್ನು ಮಾತ್ರ ಪಾಯಿಖಾನೆಯ ಬಾಗಿಲ ಹಿಂದೆ ನಿಲ್ಲಿಸಿದೆ. ಆರು ಮಂದಿ ಮಾಲೀಕರಲ್ಲಿ ಯಾರೂ ಬಾಗಿಲ ಹಿಂದೆ ನೋಡುವವರಲ್ಲ.

ಮಾರನೆಯ ದಿನ ಹನ್ನೊಂದು ಗಂಟೆ. ಅದೇ ಹೊತ್ತು, ಅಂಥದೇ ಬಿಸಿಲು. ಎರಡು ಕಾರು ಪಕ್ಕಪಕ್ಕ ನಿಂತಿದ್ದವು. ಬ್ಯಾಟರಿ ಕಾರನ್ನು ಚುಚ್ಚಿಟ್ಟಿದ್ದರು. ಕೊಕ್ಕರೆ ಗ್ಯಾಸಿನ ಕಾರಿನ ಬಳಿ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದ. ಮೈದುನ ಮೂತಿ ಸಿಕ್ಕಿಸಿ ಗುಂಡಿ ಒತ್ತಿದ. ಮಾಲೀಕರು ಗಡಿಯಾರ ನೋಡುತ್ತ ಹತ್ತಿರ ಬಂದರು. ಮೂರು ನಿಮಿಷವಾಗಿತ್ತೋ ಏನೋ, ಮೈದುನ ಕತ್ತು ಓರೆ ಮಾಡಿದ. ನಲ್ಲಿಗೆ ಕಿವಿ ಇಡುತ್ತಿದ್ದನಲ್ಲ, ಹಾಗೆ. ನನಗೂ ಕೇಳಿಸಿತು. ಕುದಿಯುವ ಮೊದಲು ಪಾತ್ರೆ ಮಾಡುವಂಥ ಸಣ್ಣ ಸದ್ದು.

“ಎಲ್ಲ ಅಲ್ಲೇ ನಿಂತ್ಕೊಳ್ಳಿ. ಹೆಜ್ಜೆ ಇಡ್ಬೇಡಿ,” ಎಂದ. “ಅತ್ತಿಗೆ, ಪೊರಕೆ.”

ನನ್ನ ಕಾಲುಗಳು ಓಡಿದ್ದು ನನಗೆ ನೆನಪಿಲ್ಲ. ಪೊರಕೆ ಅವನ ಕೈಯಲ್ಲಿತ್ತು. ಹಲ್ಲು ತನ್ನ ಹಲ್ಲು ಕಚ್ಚಿಕೊಂಡು, “ಮೇಸ್ತ್ರಿ, ಏನಿದು ನಾಟಕ,” ಎಂದ. ಮೈದುನ ಅವನನ್ನು ನೋಡಲಿಲ್ಲ. ಎಡಗೈ ಚಾಚಿ, ಪೊರಕೆಯನ್ನು ಮೇಲೆ ಕೆಳಗೆ ಆಡಿಸುತ್ತ ಎರಡು ಹೆಜ್ಜೆ ಇಟ್ಟ. ಪೊರಕೆಯ ತುದಿ ಖಾಲಿ ಗಾಳಿಯಲ್ಲಿ ಭಗ್ಗೆಂದು ಹೊತ್ತಿತು. ಗ್ಯಾಸು ಸೋರುತ್ತಲೇ ಹೊತ್ತಿಕೊಂಡಿತ್ತು, ಮಾಡಿನ ಮೂಗಿಗೆ ಮುಟ್ಟಿರಲೇ ಇಲ್ಲ. ಎಲ್ಲರಿಗಿಂತ ಮುಂದೆ ನಿಂತಿದ್ದ ಮಾಲೀಕನ ಹೊಟ್ಟೆಗೂ ಆ ಜಾಗಕ್ಕೂ ನಡುವೆ ಇದ್ದದ್ದು ಎರಡು ಮೊಳ.

ಪಂಪು ನಿಲ್ಲಿಸುವ ಕೆಂಪು ಗುಂಡಿ ಉರಿಯ ಆಚೆ ಇತ್ತು. ಉರಿ ಎಲ್ಲಿಯವರೆಗಿದೆ ಎಂದು ಪೊರಕೆಯಿಂದಲೇ ಅಳೆದು, ಸುತ್ತು ಹಾಕಿ ಹೋಗಿ ಒತ್ತಿದ. ಮೊಣಕೈವರೆಗೆ ಚರ್ಮ ಬೆಂದಿತು. ಬೇರೆ ಯಾರಿಗೂ ಒಂದು ಕೂದಲು ಸುಡಲಿಲ್ಲ. ಆರು ಮಾಲೀಕರು, ಒಬ್ಬ ಕೊಕ್ಕರೆ, ಒಬ್ಬ ಫೋಟೋದವನು, ಒಬ್ಬ ಹಲ್ಲು, ಎಲ್ಲರೂ ಮನೆಗೆ ಹೋಗಿ ಊಟ ಮಾಡಿದರು.

ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಗ್ಯಾಸ್ ಪಂಪಿನ ಮುಂದೆ ಉರಿಯುವ ಪೊರಕೆ ಹಿಡಿದ ನನ್ನ ಮೈದುನ. ಸೋರಿದ ಬೆಂಕಿ ಫೋಟೋದಲ್ಲಿ ಬೀಳಲಿಲ್ಲ. ಕಾಣದ ಬೆಂಕಿ ಫೋಟೋದಲ್ಲಿ ಹೇಗೆ ಬೀಳುತ್ತದೆ? ನೋಡಿದವರಿಗೆಲ್ಲ ಕಂಡದ್ದು ಒಬ್ಬ ಹುಚ್ಚ ಗ್ಯಾಸಿನ ಬಳಿ ಕೊಳ್ಳಿ ಹಿಡಿದು ನಿಂತದ್ದು.

ವಿಚಾರಣೆ ಎಂದು ಒಂದು ಕೋಣೆಯಲ್ಲಿ ಕೂರಿಸಿದರು. ಫ್ಯಾನಿನಡಿ ಮೂವರು, ಪಕ್ಕದಲ್ಲಿ ಹಲ್ಲು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

“ಪೊರಕೆ ಯಾರದು?”

“ನಂದು. ಕಟ್ಟಿದ್ದು ನಾನು, ಇಟ್ಟಿದ್ದು ನಾನು, ತಂದುಕೊಟ್ಟಿದ್ದೂ ನಾನು. ಸೀಲಿನ ವಿಷಯ ಕೇಳಿ. ಕಣ್ಣು ಮುಚ್ಚಿಸಿದ್ದು ಯಾರು ಅಂತ ಕೇಳಿ.”

“ಕೇಳಿದ್ದಕ್ಕೆ ಉತ್ತರ ಕೊಟ್ರೆ ಸಾಕಮ್ಮಾ.”

ವರದಿ ಬಂತು. ಉರಿಯುವಂಥ ವಸ್ತುವನ್ನು ನಿಷೇಧಿತ ಜಾಗಕ್ಕೆ ತಂದದ್ದೇ ಬೆಂಕಿಗೆ ಕಾರಣ ಎಂದು ಬರೆದಿದ್ದರು. ಸೀಲಿನ ಮಾತಿಲ್ಲ, ಆಫ್ ಮಾಡಿಸಿದ ಕಣ್ಣಿನ ಮಾತಿಲ್ಲ. ಅಷ್ಟು ಸಾಲದೆಂದು, ಮೇಸ್ತ್ರಿ ಮೊದಲಿನಿಂದ ಬ್ಯಾಟರಿ ಕಾರಿನ ಪರ ಮಾತಾಡುತ್ತಿದ್ದ, ಗ್ಯಾಸಿನ ಕಾರು ಸೋಲಲೆಂದೇ ಮಾಡಿದ್ದಾನೆ ಎಂದೂ ಸೇರಿಸಿದ್ದರು. ನಮ್ಮ ಅಡುಗೆಮನೆಯ ತಂಬಿಗೆ, ಲೋಟ, ಹತ್ತರಲ್ಲಿ ಮೂರು, ಎಲ್ಲ ಅವನ ಮೇಲೆ ಸಾಕ್ಷಿಯಾಯಿತು. ಜೀವ ಉಳಿಸಿದವನು ಕೊಳ್ಳಿ ಇಟ್ಟವನಾದ.

ಮೈದುನ ಅದಕ್ಕೆ ಸಹಿ ಹಾಕಿದ. ಬೆಂದ ಎಡಗೈಯಲ್ಲಿ ಪೆನ್ನು ಹಿಡಿಯಲಾಗದೆ ಬಲಗೈಯಲ್ಲಿ, ಮಕ್ಕಳ ಹಾಗೆ ಸೊಟ್ಟಸೊಟ್ಟ ಬರೆದ. “ಪೊರಕೆ ತರಿಸಿದ್ದು ನಾನು, ತಪ್ಪು ನನ್ನದು,” ಎಂದು. ಅವನು ಕೆಲಸ ಬಿಟ್ಟು ಹೊರಟ, ನಾನು ಕೆಲಸದಲ್ಲಿ ಉಳಿದೆ. ಅವನು ಸಹಿ ಹಾಕದಿದ್ದರೆ ನನ್ನ ಮೇಲೆ ಹಾಕುತ್ತೇವೆ ಎಂದು ಹೆದರಿಸಿದ್ದರಂತೆ. ಸಹಿಯ ವಿಷಯ, ಹೆದರಿಸಿದ ವಿಷಯ ಎರಡೂ ಒಂದು ತಿಂಗಳ ಮೇಲೆ ಕೊಕ್ಕರೆ ಬಾಯಿಬಿಟ್ಟಾಗಲೇ ನನಗೆ ತಿಳಿದದ್ದು. ಆವತ್ತು ನೆಲ ಒರೆಸಿದ ಬಟ್ಟೆಯನ್ನು, ಹಿಂಡದೆ, ಹಲ್ಲಿನ ಮೇಜಿನ ಮೇಲೆ ಹರಡಿ, ಕಾಗದಗಳೆಲ್ಲ ನೆನೆಯುವ ತನಕ ನಿಂತು ನೋಡಿ, ಕೆಲಸ ಬಿಟ್ಟು ಹೊರಗೆ ಬಂದೆ. ನನ್ನ ಬದುಕಿನಲ್ಲಿ ಅಷ್ಟು ತೃಪ್ತಿಯ ಕೆಲಸ ಇನ್ನೊಂದಿಲ್ಲ.

ಮನೆಗೆ ಬಂದು ಮೈದುನನನ್ನು ಬಿಡಲಿಲ್ಲ.

“ನಿನ್ನ ನಾಲಿಗೆ ಯಾರಿಗೆ ಅಡ ಇಟ್ಟಿದ್ದೆ? ನಿಮ್ಮಣ್ಣ ಸತ್ತಿದ್ದು ಪೊರಕೆ ಇಲ್ದೆ. ನೀನು ಪೊರಕೆಯಿಂದ ಬೆಂಕಿ ಬಿತ್ತು ಅಂತ ಸಹಿ ಹಾಕಿ ಬಂದ್ಯಲ್ಲೋ.”

“ನಿಮ್ಮನ್ನ ಮತ್ತೆ ಆ ಕೋಣೇಲಿ ನಿಲ್ಲಿಸೋದು ನನಗೆ ಬೇಡವಾಗಿತ್ತು ಅತ್ತಿಗೆ.”

“ನಾನು ನಿಲ್ತಿದ್ದೆ. ನನಗೆ ಕಾಲಿಲ್ವಾ?”

ನಾನು ಮೂರು ತಿಂಗಳು ಅವನ ಜೊತೆ ಮಾತು ಬಿಟ್ಟೆ. ತಟ್ಟೆ ಇಡುತ್ತಿದ್ದೆ, ತಿನ್ನುತ್ತಿದ್ದ. ನಲ್ಲಿ ತಟ್ಟಿ, “ಹುಷಾರಾಗಿದ್ದಾಳೆ,” ಎಂದು ಗೋಡೆಗೆ ಹೇಳುತ್ತಿದ್ದ.

ಡಿಪೋ ಬ್ಯಾಟರಿ ಕಾರುಗಳನ್ನೇ ಇಟ್ಟುಕೊಂಡಿತು. ಗ್ಯಾಸಿನ ಹತ್ತೂ ಕಾರುಗಳನ್ನು ದೊಡ್ಡ ಲಾರಿಯ ಮೇಲೆ ಹೇರಿ ಸಾಗಿಸಿದರು. ಕೊಕ್ಕರೆ ಈಗ ಬ್ಯಾಟರಿ ಕಾರು ಓಡಿಸುತ್ತಾನೆ, ಮಧ್ಯಾಹ್ನ ಕಾಲು ಚಾಚಿ ಮಲಗುತ್ತಾನೆ. ಅಂದರೆ ಮೈದುನ ಹೇಳಿದ್ದೇ ಸರಿಯಾಯಿತು. ಸರಿಯಾಯಿತು ಎಂದು ಒಬ್ಬನೂ ಬಂದು ಅವನಿಗೆ ಹೇಳಲಿಲ್ಲ. ಎಲ್ಲಿ ಕೆಲಸ ಕೇಳಿದರೂ ಆ ಫೋಟೋ ಅವನಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಕೊಳವೆ ಮುಟ್ಟದೆ ಎರಡು ವರ್ಷ ಕಳೆದ. ಆಮೇಲೆ ಹೃದಯ ದೊಡ್ಡದಾಗಿದೆ ಎಂದರು ವೈದ್ಯರು. ದೊಡ್ಡದೇ ಇತ್ತು, ಅದನ್ನು ಹೇಳಲು ವೈದ್ಯರೇ ಬೇಕಿತ್ತೇ ಎಂದು ನಾನು ಅಲ್ಲೇ ಕೇಳಿದೆ.

ಕೊನೆಯ ವಾರಗಳಲ್ಲಿ ಅವನು ಹಿಂದಿನ ಕೋಣೆಯ ಮಂಚ ಬಿಟ್ಟು ಏಳುತ್ತಿರಲಿಲ್ಲ. ಕೊಕ್ಕರೆ ನೋಡಲು ಬಂದ. ಮಂಚದ ಪಕ್ಕದ ಸ್ಟೂಲಿನ ಮೇಲೆ ಮಡಿಚಿಕೊಂಡು ಕೂತ.

“ಮೇಸ್ತ್ರೀ, ನಿಮ್ಮ ಪಂಪು ಮತ್ತೆ ಶುರು ಮಾಡ್ತಾರಂತೆ. ದೂರದ ಲಾರಿಗಳಿಗೆ. ನೀವು ಹೇಳ್ತಿದ್ರಲ್ಲ, ಹಾಗೇ. ಹೊಸ ಮೇಸ್ತ್ರಿನೂ ಬಂದಿದಾನೆ.”

“ಅವನಿಗೆ ಗ್ಯಾಸ್ ಗೊತ್ತಾ?” ಎಂದ ಮೈದುನ.

“ಪುಸ್ತಕದಲ್ಲಿ ಓದಿದಾನಂತೆ. ಹಲ್ಲು ಹೇಳ್ತಿತ್ತು, ಹೊಸ ಕಣ್ಣು ಹಾಕ್ಸಿದೀವಿ, ಪೊರಕೆ ಗಿರಕೆ ಏನೂ ಬೇಡ ಅಂತ.”

ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. “ಸುಟ್ಟುಕೊಂಡು ಸಾಯ್ಲಿ ಎಲ್ರೂ,” ಎಂದೆ. ಆಡಿದ ಮಾತನ್ನು ಮುಚ್ಚಿಡುವುದಿಲ್ಲ. ಹಾಗೇ ಎಂದೆ.

ಕೊಕ್ಕರೆ ಎದ್ದು ಹೋದ. ಮೈದುನ ನನ್ನನ್ನು ಹತ್ತಿರ ಕರೆದ.

“ಅತ್ತಿಗೆ, ಆ ಹೊಸ ಮೇಸ್ತ್ರಿಗೆ ಪೊರಕೆ ಕೊಟ್ಟು ಬರ್ಬೇಕು.”

“ಆ ಗೇಟಿನೊಳಗೆ ನನ್ನ ಹೆಣವೂ ಹೋಗಲ್ಲ.”

“ಹೆಣ ಬೇಡ, ನೀವು ಹೋಗಿ. ಅವನಿಗೂ ಮನೇಲಿ ಯಾರಾದ್ರೂ ಇರ್ತಾರೆ.”

“ಇದ್ರೆ ಅವರೇ ಕಟ್ಟಿ ಕೊಡ್ಲಿ.”

“ಅವರಿಗೆ ಗೊತ್ತಿಲ್ವಲ್ಲ. ನಿಮಗೆ ಗೊತ್ತು.”

ಅವನು ಬೆಂದ ಎಡಗೈಯನ್ನು ಹೊದಿಕೆಯಿಂದ ಹೊರತೆಗೆದು ಗಾಳಿಯಲ್ಲಿ ಉದ್ದ ಅಳೆದು ತೋರಿಸಿದ, ನನಗೇನೋ ಅಳತೆ ಗೊತ್ತಿಲ್ಲ ಎಂಬ ಹಾಗೆ.

“ಪ್ಲಾಸ್ಟಿಕ್ ಬೇಡ, ಅದು ಕರಗುತ್ತೆ. ಒಣ ಹುಲ್ಲಿಂದೇ ಆಗ್ಬೇಕು. ಹಿಡಿ ಇಷ್ಟುದ್ದ ಇರ್ಲಿ,” ಎಂದ. ಉಸಿರು ತೆಗೆದುಕೊಂಡು ಮತ್ತೆ ಹೇಳಿದ:

“ಎರಡು ಕಟ್ಟಿ ಅತ್ತಿಗೆ. ಒಂದು ಸುಟ್ಟುಹೋದ್ರೆ ಇನ್ನೊಂದು ಇರ್ಲಿ. ಅಣ್ಣನ ಪಾಳೀಲಿ ಒಂದೇ ಇತ್ತು.”